ಗಾಡಿ ಮಿಸ್ಸಿಂಗ್ ಹೊಡೀತಿದೆಯಾ? ಹಳೆಯ ಸಿಎನ್‌ಜಿ–ಪೆಟ್ರೋಲ್ ಪಿಕಪ್‌ನಲ್ಲಿ ದೋಷ ಹಿಡಿಯುವ ಬಗೆ

ಬೆಳಗಿನ ಜಾವ ಯಶವಂತಪುರದ ಎಪಿಎಂಸಿ ಯಾರ್ಡಿನಿಂದಲೋ ಕೆ.ಆರ್. ಮಾರ್ಕೆಟ್ಟಿನಿಂದಲೋ ಲೋಡ್ ಎತ್ತುವ ಪಿಕಪ್ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಇಂಜಿನ್ ನಡುಗೋಕೆ ಶುರುವಾದ ಕೂಡಲೇ ಎಷ್ಟೋ ಮಾಲೀಕರು ಜೆ.ಸಿ. ರಸ್ತೆಗೆ ಓಡಿ ನಾಲ್ಕು ಪ್ಲಗ್ ತರುತ್ತಾರೆ. ಅದರಿಂದ ಸರಿಹೋಗದಿದ್ದರೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್, ಅದಕ್ಕೂ ಬಗ್ಗದಿದ್ದರೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಕ್ಲೀನಿಂಗ್. ದುಡ್ಡು ಕರಗುತ್ತಾ ಹೋಗುತ್ತದೆ, ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ ತಪ್ಪುವುದು) ಮಾತ್ರ ಇದ್ದಲ್ಲೇ ಇರುತ್ತದೆ.

ಪಾರ್ಟ್ಸ್ ಕೊಳ್ಳುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಸಿಗಬೇಕು. ಇಂಜಿನ್ನಿನ ಯಾವ ಸಿಲಿಂಡರ್ ಕೈಕೊಡುತ್ತಿದೆ? ಗ್ಯಾಸ್‌ನಲ್ಲೋ, ಪೆಟ್ರೋಲ್‌ನಲ್ಲೋ, ಎರಡರಲ್ಲೂನಾ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಲೋಡ್ ಬಿದ್ದಾಗಲೋ? ಇವು ಮೂರೂ ಗೊತ್ತಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಉತ್ತರ ಹುಡುಕುವುದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ನಾಲ್ಕು ಸಿಲಿಂಡರಿನ, ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಹಳೆಯ ಪಿಕಪ್‌ಗಳಿಗೆ. ಡೀಸೆಲ್ ಗಾಡಿಯವರಿಗೆ ಕೊನೆಯಲ್ಲಿ ಒಂದು ಭಾಗವಿದೆ.

## ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ, ಗ್ಯಾಸ್ ವಾಸನೆ ಬಂದರೆ

ಇವೆರಡರಲ್ಲಿ ಯಾವುದು ಕಂಡರೂ ಮುಂದಿನ ಯಾವ ಪರೀಕ್ಷೆಯೂ ಬೇಡ, ಗಾಡಿ ಬದಿಗೆ ಹಾಕಿ.

ಚೆಕ್ ಇಂಜಿನ್ ಲೈಟ್ ಒಂದೇ ಸಮ ಉರಿಯುತ್ತಿದ್ದರೆ ಆಕ್ಸಿಲರೇಟರ್ ಹೆಚ್ಚು ತುಳಿಯದೆ ನಿಧಾನವಾಗಿ ಹತ್ತಿರದ ಗ್ಯಾರೇಜ್ ಸೇರಬಹುದು. ಮಿಣುಕುತ್ತಿದ್ದರೆ ಅದೂ ಬೇಡ. ಸಿಲಿಂಡರಿನಲ್ಲಿ ಉರಿಯದ ಇಂಧನ ಹಾಗೇ ಸೈಲೆನ್ಸರ್ ಪೈಪಿಗೆ ಹೋಗಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಎಂದು ಅದರ ಅರ್ಥ. ಕನ್ವರ್ಟರ್ ಕೆಂಪಗೆ ಕಾದು ಒಳಗಿನ ಸೆರಾಮಿಕ್ ಜಾಲರಿ ಕರಗಿ ಕಟ್ಟಿಕೊಳ್ಳುತ್ತದೆ. ಒಂದು ಕಾಯಿಲ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಹಲವು ಪಟ್ಟಾಗುವುದು ಹೀಗೆ. ಅಂಥ ಗಾಡಿಯನ್ನು ಒಣಹುಲ್ಲು, ತರಗೆಲೆ, ರಟ್ಟಿನ ಪೆಟ್ಟಿಗೆಗಳ ಮೇಲೆ ನಿಲ್ಲಿಸಲೂಬಾರದು.

ಗ್ಯಾಸ್ ವಾಸನೆ ಬಂದರೆ ಇಂಜಿನ್ ಆಫ್ ಮಾಡಿ, ಗ್ಯಾಸ್ ಸಿಲಿಂಡರಿನ ಮೇಲಿರುವ ಕೈ ವಾಲ್ವ್ ಮುಚ್ಚಿ, ಬಾಗಿಲು ತೆರೆದಿಟ್ಟು ದೂರ ಸರಿಯಿರಿ. ಪದೇಪದೇ ಸೆಲ್ಫ್ ಹೊಡೆಯಬೇಡಿ. ಸೀಟಿನ ಕೆಳಗೆ ಇಂಜಿನ್ ಇರುವ ಪುಟ್ಟ ಪಿಕಪ್‌ಗಳಲ್ಲಿ ಸೋರಿದ ಗ್ಯಾಸ್ ಕ್ಯಾಬಿನ್ ಒಳಗೇ ಸೇರಿಕೊಳ್ಳಬಹುದು. ಗ್ಯಾಸ್ ಸಿಲಿಂಡರ್ ತುಂಬಿದಾಗ ಒಳಗಿನ ಒತ್ತಡ ಸುಮಾರು 200 ಬಾರ್. ಹೈ ಪ್ರೆಶರ್ ಪೈಪಿನ ಒಂದು ನಟ್ಟನ್ನೂ ನೀವಾಗಿ ಬಿಚ್ಚಬಾರದು, ಪರಿಚಯದ ಮೆಕ್ಯಾನಿಕ್ ಕೈಲೂ ಬಿಚ್ಚಿಸಬಾರದು. ಅದು ಅಧಿಕೃತ ಸಿಎನ್‌ಜಿ ವರ್ಕ್‌ಶಾಪಿನ ಕೆಲಸ.

ಟೆಂಪರೇಚರ್ ಮುಳ್ಳು ಮೇಲೇರುತ್ತಾ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೂ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

## ನಡುಗುತ್ತಿದೆ, ಆದರೆ ಅದು ಮಿಸ್ಸಿಂಗೇನಾ?

ಇಂಜಿನ್ ಮೌಂಟಿನ ರಬ್ಬರ್ ಹರಿದರೂ ಗಾಡಿ ನಡುಗುತ್ತದೆ. ಆಗ ನಡುಕ ಒಂದೇ ಹದದಲ್ಲಿರುತ್ತದೆ, ಸೈಲೆನ್ಸರ್ ಸದ್ದು ಮಾತ್ರ ನಯವಾಗಿರುತ್ತದೆ. ಫಸ್ಟ್ ಗೇರಿನಲ್ಲಿ ಕ್ಲಚ್ ಬಿಡುವಾಗ ಮಾತ್ರ ಗಾಡಿ ಅದುರಿದರೆ ಕ್ಲಚ್ ಪ್ಲೇಟ್ ಕಡೆ ನೋಡಿ.

ನಿಜವಾದ ಮಿಸ್ಸಿಂಗ್ ಸೈಲೆನ್ಸರಿನಲ್ಲಿ ಕೇಳುತ್ತದೆ. ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಉರಿಯುತ್ತದೆ. ಒಂದು ಪೂರ್ತಿ ಸತ್ತಿದ್ದರೆ 'ಫಟ್ ಫಟ್' ಅಂತ ಅದೇ ಲಯದಲ್ಲಿ ತಪ್ಪುವುದು ಕೈಗೂ ಗೊತ್ತಾಗುತ್ತದೆ. ಸೈಲೆನ್ಸರ್ ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಅಂಗೈ ಹಿಡಿದು ನೋಡಿ. ನಿಯಮಿತವಾಗಿ ತಪ್ಪಿದರೆ ಒಂದೇ ಸಿಲಿಂಡರಿನ ತೊಂದರೆ. ಹೊತ್ತುಗೊತ್ತಿಲ್ಲದೆ ತಪ್ಪಿದರೆ ಎಲ್ಲ ಸಿಲಿಂಡರಿಗೂ ಸಂಬಂಧಪಟ್ಟ ಗಾಳಿ, ಇಂಧನ ಅಥವಾ ವೈರಿಂಗ್ ಕಡೆ ಅನುಮಾನ ಪಡಬೇಕು.

ಹಾಗೇ ಒಂದು ಕಾಗದದ ಚೂರನ್ನೂ ಸೈಲೆನ್ಸರ್ ಬಾಯಿಗೆ ಹಿಡಿಯಿರಿ. ಹೊರಕ್ಕೆ ತಳ್ಳಿಸಿಕೊಳ್ಳುತ್ತಿದ್ದ ಕಾಗದ ಆಗಾಗ ಒಳಕ್ಕೆ ಸೆಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರದೆ ಇರಬಹುದು. ತೀರ್ಮಾನ ಈಗಲೇ ಬೇಡ, ಮುಂದೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಏಳುವ ಒತ್ತಡ) ನೋಡುವಾಗ ಇದು ನೆನಪಿರಲಿ.

## ಐಡಲ್‌ನಲ್ಲಿ ಒಂದೇ ಸಮ ನಡುಕ, ಎಳೆತ ಕಡಿಮೆ

ಮೊದಲು ಕಣ್ಣಿಂದ ನೋಡಿ. ಇಂಜಿನ್ ಆಫ್ ಮಾಡಿ ಟಾರ್ಚ್ ಹಿಡಿದು ಪ್ರತಿ ಕಾಯಿಲಿನ, ಪ್ರತಿ ಇಂಜೆಕ್ಟರಿನ ಕನೆಕ್ಟರನ್ನೂ ಬೆರಳಲ್ಲಿ ಒತ್ತಿ. ಹಳೆಯ ಗಾಡಿಗಳಲ್ಲಿ ಬಿಸಿಗೆ ಪ್ಲಾಸ್ಟಿಕ್ ಲಾಕ್ ಮುರಿದು, ಕನೆಕ್ಟರ್ ಮೇಲೆ ಕೂತಂತೆ ಕಂಡರೂ ಒಳಗೆ ಕೂತಿರುವುದಿಲ್ಲ. ನಮ್ಮ ರಸ್ತೆಯ ಹಂಪು–ಗುಂಡಿಗಳಲ್ಲಿ ಅದು ಬಿಟ್ಟು ಹಿಡಿದು ಮಾಡುತ್ತಿರುತ್ತದೆ. ಬ್ಯಾಟರಿ ಟರ್ಮಿನಲ್, ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು.

ಈಗ ಸಿಲಿಂಡರ್ ಹಿಡಿಯಬೇಕು. ಸುಲಭದ ದಾರಿ ಸ್ಕ್ಯಾನರ್. ಬೆಂಗಳೂರಿಗೆ ಬಿಎಸ್–4 ಹೊಗೆ ನಿಯಮ ಬಂದದ್ದು 2010ರಲ್ಲಿ. ಆಮೇಲಿನ ಗಾಡಿಗಳಲ್ಲಿ ಡ್ರೈವರ್ ಕಡೆ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ ಇದೆಯೇ ಹುಡುಕಿ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸ್ಕ್ಯಾನರ್ ಒಂದು ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಅದು ತೋರಿಸುವ ಕೋಡ್‌ಗಳಲ್ಲಿ ಪಿ0301 ಎಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ, ಪಿ0302 ಎಂದರೆ ಎರಡನೆಯದು, ಹೀಗೆ. ಪಿ0300 ಎಂದರೆ ನಿರ್ದಿಷ್ಟ ಸಿಲಿಂಡರ್ ಇಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ. ಸಾಮಾನ್ಯವಾಗಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಕಡೆಯಿಂದ ಒಂದನೇ ನಂಬರ್ ಶುರು. ಸ್ಕ್ಯಾನರ್ ತೋರಿಸುವುದು ತಪ್ಪಿದ ಸಿಲಿಂಡರನ್ನು ಮಾತ್ರ, ಕೆಟ್ಟ ಪಾರ್ಟನ್ನಲ್ಲ. ಪಿ0302 ಕಂಡ ತಕ್ಷಣ ಕಾಯಿಲ್ ಬದಲಿಸಿ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ.

ಸ್ಕ್ಯಾನರ್ ಇಲ್ಲದಿದ್ದರೂ ದಾರಿಯಿದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕೊಳವೆಗಳ ಬುಡಕ್ಕೆ ಬೆರಳ ತುದಿಯಿಂದ ಒಂದೊಂದು ಹನಿ ನೀರು ಚಿಮುಕಿಸಿ. ಮೂರರ ಮೇಲೆ ಬಿದ್ದ ಹನಿ ಚುರ್ ಎಂದು ಹಾರಿಹೋಗುತ್ತದೆ. ಸತ್ತ ಸಿಲಿಂಡರಿನದರ ಮೇಲೆ ಹನಿ ಹಾಗೇ ಕೂತು ನಿಧಾನವಾಗಿ ಜಾರುತ್ತದೆ. ಕೈ ತಾಗಿಸಬೇಡಿ. ಶಾಖ ತಡೆಯುವ ತಗಡಿನ ಹೊದಿಕೆ ಇದ್ದರೆ ಇದು ಆಗುವುದಿಲ್ಲ. ಆಗ ಗಾಡಿಯನ್ನು ಪೆಟ್ರೋಲ್‌ಗೆ ಹಾಕಿ, ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಮತ್ತೆ ಹಾಕಿ. ಚೆನ್ನಾಗಿರುವ ಸಿಲಿಂಡರಿನದು ತೆಗೆದರೆ ಇಂಜಿನ್ ಇನ್ನಷ್ಟು ಕುಗ್ಗುತ್ತದೆ. ಯಾವುದನ್ನು ತೆಗೆದರೂ ವ್ಯತ್ಯಾಸವೇ ಆಗುವುದಿಲ್ಲವೋ ಅದೇ ಕಳ್ಳ ಸಿಲಿಂಡರ್. ಬಹಳ ಗ್ಯಾರೇಜುಗಳಲ್ಲಿ ಪ್ಲಗ್ ವೈರನ್ನೇ ಓಡುವ ಇಂಜಿನ್‌ನಿಂದ ಕೀಳುತ್ತಾರೆ. ಅದು ಬೇಡ. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಏಟು ಜೋರಾಗಿ ಬೀಳುತ್ತದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಹಾಳಾಗಬಹುದು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಾನೆಟ್ ಹತ್ತಿರವೂ ಬರಬಾರದು.

ಮುಂದಿನದು ಅದಲು ಬದಲು. ಎರಡನೆಯದು ಮಿಸ್ ಆಗುತ್ತಿದೆ ಅಂದುಕೊಳ್ಳಿ. ಇಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರದನ್ನು ಎರಡನೆಯದಕ್ಕೆ ಹಾಕಿ. ಮಿಸ್ಸಿಂಗ್ ಮೂರಕ್ಕೆ ಹೋದರೆ ಕಾಯಿಲೇ ಕೆಟ್ಟಿದೆ. ಎರಡರಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಎರಡರಲ್ಲೇ ನಿಂತರೆ ಪ್ಲಗ್, ಕಾಯಿಲ್ ಎರಡೂ ನಿರಪರಾಧಿಗಳು. ವೈರಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ನೋಡಬೇಕು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಯಾರೂ ಪಾರ್ಟ್ಸ್ ಅಂಗಡಿಗೆ ಹೋಗಬಾರದು ಎಂದೇ ನನ್ನ ಬಲವಾದ ಅಭಿಪ್ರಾಯ. ಕೆಲವು ಇಂಜಿನ್‌ಗಳಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುತ್ತದೆ, 1 ಮತ್ತು 4ಕ್ಕೆ ಒಂದು, 2 ಮತ್ತು 3ಕ್ಕೆ ಇನ್ನೊಂದು. ಅಂಥ ಜೋಡಿ ಒಟ್ಟಿಗೇ ಸತ್ತರೆ ಆ ಕಾಯಿಲ್ ಮೇಲೆ ಮೊದಲ ಅನುಮಾನ.

ಪ್ಲಗ್ ಬಿಚ್ಚುವುದು ಇಂಜಿನ್ ತಣ್ಣಗಾದ ಮೇಲೆ. ಹೆಡ್ ಅಲ್ಯೂಮಿನಿಯಂ ಆಗಿರುವುದರಿಂದ ಬಿಸಿಯಲ್ಲಿ ಥ್ರೆಡ್ ಕಿತ್ತುಬರುತ್ತದೆ. ಬಿಚ್ಚುವ ಮೊದಲು ಗುಂಡಿಯೊಳಗಿನ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ನಾಲ್ಕನ್ನೂ ಬಂದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಇಂಧನ ಹೆಚ್ಚಾಗುತ್ತಿದೆ ಅಥವಾ ಕಿಡಿ ದುರ್ಬಲ. ಜಿಡ್ಡು ಆಯಿಲ್ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಮೂರು ಬಣ್ಣಗಟ್ಟಿದ್ದು ಒಂದು ಮಾತ್ರ ತೊಳೆದಷ್ಟು ಸ್ವಚ್ಛವಾಗಿದ್ದರೆ ಸಂತೋಷಪಡಬೇಡಿ, ಆ ಸಿಲಿಂಡರಿಗೆ ಕೂಲೆಂಟ್ ಸೋರುತ್ತಿರಬಹುದು. ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿಂದಲೇ ಹೊರಗೆ ಹಾರುತ್ತಿದೆ.

ಪ್ಲಗ್ ಗುಂಡಿಯಲ್ಲೇ ಆಯಿಲ್ ನಿಂತಿದ್ದರೆ ಟಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಗುಂಡಿಯ ಸೀಲ್ ಹೋಗಿದೆ. ಹೊಸ ಕಾಯಿಲ್ ಹಾಕಿದರೂ ಆ ಸೋರಿಕೆ ನಿಲ್ಲಿಸದಿದ್ದರೆ ಅದರ ರಬ್ಬರೂ ಬೇಗನೆ ಮೆತ್ತಗಾಗಿ ಹಾಳಾಗುತ್ತದೆ.

## ಗ್ಯಾಸ್‌ನಲ್ಲಿ ಮಿಸ್ಸಿಂಗ್, ಪೆಟ್ರೋಲ್‌ನಲ್ಲಿ ಸರಿ

ಸಿಎನ್‌ಜಿ ಗಾಡಿಯ ದೊಡ್ಡ ಅನುಕೂಲವೆಂದರೆ ಒಂದೇ ಸ್ವಿಚ್ಚಿನಲ್ಲಿ ಇಂಧನ ಬದಲಿಸಿ ಹೋಲಿಸಬಹುದು. ಡೀಸೆಲ್ ಗಾಡಿಯವರಿಗೆ ಈ ಭಾಗ್ಯವಿಲ್ಲ.

ಗ್ಯಾಸ್‌ನಲ್ಲಿ ಮಾತ್ರ ತಪ್ಪಿದರೆ ಗ್ಯಾಸ್ ಕಿಟ್ಟೇ ಕೆಟ್ಟಿದೆ ಎಂದು ಬಹಳ ಜನ ತೀರ್ಮಾನಿಸುತ್ತಾರೆ. ಎಷ್ಟೋ ಸಲ ಮೂಲ ಬೇರೆಯೇ ಇರುತ್ತದೆ. ಸಿಎನ್‌ಜಿ–ಗಾಳಿ ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಸವೆದು ಗ್ಯಾಪ್ ಅಗಲವಾದ ಪ್ಲಗ್, ಸುಸ್ತಾದ ಕಾಯಿಲ್, ಬಿರುಕುಬಿಟ್ಟ ಪ್ಲಗ್ ವೈರ್, ಇವೆಲ್ಲ ಪೆಟ್ರೋಲ್‌ನಲ್ಲಿ ಹೇಗೋ ನಡೆದುಹೋಗಿ ಗ್ಯಾಸ್‌ನಲ್ಲಿ ಸಿಕ್ಕಿಬೀಳುತ್ತವೆ. ಹಾಗಾಗಿ ಕಿಟ್ ಬಿಚ್ಚಿಸುವ ಮುಂಚೆ ಪ್ಲಗ್ ಗ್ಯಾಪ್ ಅಳೆಯಿರಿ. ಫೀಲರ್ ಗೇಜ್ ಅಗ್ಗದ ಸಾಮಾನು. ಗ್ಯಾಸ್ ಗಾಡಿಗೆ ಗ್ಯಾಪ್ ಸಾಮಾನ್ಯವಾಗಿ ಪೆಟ್ರೋಲ್ ಗಾಡಿಗಿಂತ ಕಡಿಮೆ. ನಿಮ್ಮ ಇಂಜಿನ್ನಿನ ಅಳತೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಇರಿಡಿಯಂ ಪ್ಲಗ್‌ನ ತುದಿ ಬಗ್ಗಿಸಿ ಗ್ಯಾಪ್ ಸರಿಮಾಡಲು ಹೋಗಬೇಡಿ, ಸೂಕ್ಷ್ಮ ತುದಿ ಮುರಿಯುತ್ತದೆ. ನಕಲಿ ಪ್ಲಗ್ ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬೆಲೆ ಅರ್ಧಕ್ಕರ್ಧ ಇಳಿದಿದ್ದರೆ ಕಾರಣ ಕೇಳಿ.

ಕಿಡಿ ಸರಿಯಿದ್ದರೆ ಆಮೇಲೆ ಗ್ಯಾಸ್ ದಾರಿ. ಗ್ಯಾಸ್ ತುಂಬಿಸುವ ಪಂಪಿನ ಕಂಪ್ರೆಸರ್ ಆಯಿಲ್ ಸ್ವಲ್ಪ ಸ್ವಲ್ಪವೇ ಗ್ಯಾಸ್ ಜೊತೆ ಬಂದು ಫಿಲ್ಟರ್, ಗ್ಯಾಸ್ ಇಂಜೆಕ್ಟರುಗಳಲ್ಲಿ ಜಿಡ್ಡುಗಟ್ಟುತ್ತದೆ. ಕಾಲಕಾಲಕ್ಕೆ ಫಿಲ್ಟರ್ ಬದಲಿಸದ ಗಾಡಿಯಲ್ಲಿ ಗ್ಯಾಸ್ ಸಾಕಷ್ಟಿದ್ದರೂ ಎಳೆತ ಬರುವುದಿಲ್ಲ.

ಇನ್ನೊಂದು ಲಕ್ಷಣವನ್ನು ನೀವೇ ನೋಡಬಹುದು. ಗ್ಯಾಸ್ ಒತ್ತಡ ಇಳಿಸುವ ರೆಡ್ಯೂಸರ್ ತಣ್ಣಗಾಗುತ್ತದೆ, ಅದನ್ನು ಬೆಚ್ಚಗಿಡಲು ಇಂಜಿನ್ನಿನ ಕೂಲೆಂಟ್ ಹರಿಸಿರುತ್ತಾರೆ. ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೂ ರೆಡ್ಯೂಸರ್ ಮೈಮೇಲೆ ಬೆಳ್ಳನೆಯ ಹಿಮದ ಪುಡಿ ಕೂತಿದ್ದರೆ ಅಲ್ಲಿಗೆ ಬಿಸಿ ನೀರು ತಲುಪುತ್ತಿಲ್ಲ. ಕೂಲೆಂಟ್ ಕಡಿಮೆಯಾಗಿದೆ, ಇಲ್ಲವೇ ಪೈಪ್ ಕಟ್ಟಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಇಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ನೋಡಿ. ಕಡಿಮೆಯಾಗಿದ್ದರೆ ತುಂಬಿಸಿ ಸುಮ್ಮನಾಗದೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಬೇಕು.

ಹಳೆಯ ಮಿಕ್ಸರ್ ಮಾದರಿಯ ಕಿಟ್ ಇರುವವರು ಗ್ಯಾಸ್‌ನಲ್ಲಿ ಮಿಸ್ಸಿಂಗ್ ಇಟ್ಟುಕೊಂಡೇ ಗಾಡಿ ಓಡಿಸಬಾರದು. ಇನ್‌ಟೇಕ್ ತುಂಬ ಗ್ಯಾಸ್ ಇರುವುದರಿಂದ ಬ್ಯಾಕ್‌ಫೈರ್ ಆಗಿ ಏರ್ ಫಿಲ್ಟರ್ ಡಬ್ಬಿ ಸಿಡಿಯಬಹುದು. ದುರಸ್ತಿ ಆಗುವವರೆಗೆ ಪೆಟ್ರೋಲ್‌ನಲ್ಲೇ ಓಡಿಸಿ.

ವರ್ಕ್‌ಶಾಪಿಗೆ ಹೋದಾಗಲೇ ಗ್ಯಾಸ್ ಸಿಲಿಂಡರಿನ ಟೆಸ್ಟಿಂಗ್ ತಾರೀಖನ್ನೂ ನೋಡಿಸಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಲೇಬೇಕು.

## ಪೆಟ್ರೋಲ್‌ನಲ್ಲಿ ಮಿಸ್ಸಿಂಗ್, ಗ್ಯಾಸ್‌ನಲ್ಲಿ ಸರಿ

ಆಗ ಕಿಡಿ, ಕಂಪ್ರೆಷನ್ ಎರಡೂ ಬಹುತೇಕ ಪಾಸ್. ಉಳಿದದ್ದು ಪೆಟ್ರೋಲ್, ಪಂಪ್, ಇಂಜೆಕ್ಟರ್. ಗ್ಯಾಸ್ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿದಿರುತ್ತದೆ. ಹಳೆಯದಾದ ಪೆಟ್ರೋಲ್ ಇಂಜೆಕ್ಟರಿನಲ್ಲಿ ಅಂಟುಗಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇ. 20ರವರೆಗೂ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಅದರ ಜೊತೆ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದು ಆ ತಳದಿಂದಲೇ. ಹಳೆಯ ರಬ್ಬರ್ ಪೈಪುಗಳೂ ಎಥನಾಲ್‌ಗೆ ಬೇಗ ಬಿರುಕು ಬಿಡಬಹುದು, ಅವನ್ನೂ ಮುಟ್ಟಿ ನೋಡಿ.

ಪರಿಹಾರ ಅಗ್ಗದ್ದೇ. ಹಳೆಯದನ್ನು ಮೆಕ್ಯಾನಿಕ್ ಹತ್ತಿರ ತೆಗೆಸಿ ಹೊಸ ಪೆಟ್ರೋಲ್ ಹಾಕಿಸಿ, ಪೆಟ್ರೋಲ್ ಫಿಲ್ಟರ್ ಬದಲಿಸಿ, ದಿನಕ್ಕೆ ಕೆಲವು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸಿ. ಬಾಯಿಂದ ಎಳೆದು ಪೈಪಿನಲ್ಲಿ ಪೆಟ್ರೋಲ್ ತೆಗೆಯುವ ಅಭ್ಯಾಸ ಬಿಡಿ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ.

## ಮಳೆ ಬಂದ ಮರುದಿನ, ಅಥವಾ ರಾತ್ರಿ ನಿಂತು ಬೆಳಿಗ್ಗೆ

ನಿನ್ನೆ ಸರಿಯಿದ್ದ ಗಾಡಿ ಬೆಳಿಗ್ಗೆ ಇದ್ದಕ್ಕಿದ್ದಂತೆ ಮಿಸ್ ಹೊಡೆದರೆ ಮೊದಲು ಇಲಿ ಹುಡುಕಿ. ತರಕಾರಿ, ಕಾಳು ಸಾಗಿಸುವ ಗಾಡಿ, ಕಸದ ರಾಶಿಯ ಪಕ್ಕ ಪಾರ್ಕಿಂಗ್, ಬೆಚ್ಚಗಿನ ಇಂಜಿನ್. ಇಲಿಗೆ ಬೇರೇನು ಬೇಕು? ಹಿಕ್ಕೆ, ಈರುಳ್ಳಿ ಸಿಪ್ಪೆ, ಕಚ್ಚಿದ ವೈರಿನ ಚೂರು ಕಂಡರೆ ಇಂಜೆಕ್ಟರ್ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಾ ಹೋಗಿ. ಕೈಗೆ ಗ್ಲೌಸ್ ಇರಲಿ. ಪೆಟ್ರೋಲ್ ಅಥವಾ ಗ್ಯಾಸ್ ಪೈಪ್ ಕಡಿದಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಕಡಿದ ವೈರಿಗೆ ಬರೀ ಟೇಪ್ ಸುತ್ತಿದರೆ ಸಾಲದು, ಸೋಲ್ಡರ್ ಹಾಕಿಸಿ ಸ್ಲೀವ್ ತೊಡಿಸಬೇಕು.

ಮಳೆಯ ಮರುದಿನದ್ದಾದರೆ ಪ್ಲಗ್ ಗುಂಡಿಯಲ್ಲಿ ನೀರು, ಕಾಯಿಲ್ ರಬ್ಬರಿನಲ್ಲಿ ತೇವ ನೋಡಿ. ಪ್ಲಗ್ ವೈರ್ ಇರುವ ಹಳೆಯ ಇಂಜಿನ್ ಆದರೆ ಕತ್ತಲಾದ ಮೇಲೆ ಬಾನೆಟ್ ಎತ್ತಿ, ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ನೀರಿನ ಮಂಜು ಹಾಯಿಸಿ ದೂರ ನಿಂತು ನೋಡಿ. ಸೋರುವ ಕಡೆ ನೀಲಿ ಕಿಡಿ ಕುಣಿಯುತ್ತದೆ. ಪೆಟ್ರೋಲ್, ಗ್ಯಾಸ್ ವಾಸನೆ ಇದ್ದಾಗ ಈ ಪರೀಕ್ಷೆ ನಿಷಿದ್ಧ.

ನೀರು ತುಂಬಿದ ಅಂಡರ್‌ಪಾಸಿನಲ್ಲಿ ಗಾಡಿ ನಿಂತುಹೋಗಿದ್ದರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಟೋ ಮಾಡಿಸಿ, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿಸಿ, ಪ್ಲಗ್ ಬಿಚ್ಚಿಸಿದ ಮೇಲೆ ಮುಂದಿನ ಮಾತು.

## ಲೋಡ್ ಹೊತ್ತು ಫ್ಲೈಓವರ್ ಏರುವಾಗ ಮಾತ್ರ ಜರ್ಕ್

ಖಾಲಿ ಗಾಡಿ ಸರಿಯಿದ್ದು, ಪೀಣ್ಯ ಅಥವಾ ಹೆಬ್ಬಾಳದ ಫ್ಲೈಓವರ್ ಏರು ಬಂದಾಗ ಮುಗ್ಗರಿಸಿದರೆ ಎರಡೇ ದೊಡ್ಡ ಅನುಮಾನ. ಒತ್ತಡ ಹೆಚ್ಚಾದಾಗ ಕೈಬಿಡುವ ಕಿಡಿ, ಇಲ್ಲವೇ ಸಾಲದ ಇಂಧನ. ಕಿಡಿಯದು ಚುರುಕಾಗಿ ಚಟ್ ಚಟ್ ಎಂದು ಜರ್ಕ್ ಕೊಡುತ್ತದೆ. ಇಂಧನ ಸಾಲದ್ದು ಗಾಡಿಯನ್ನು ನಿಧಾನವಾಗಿ ಉಸಿರು ಕಟ್ಟಿಸಿದಂತೆ ಕುಗ್ಗಿಸುತ್ತದೆ. ಏರ್ ಫಿಲ್ಟರ್, ಇಂಧನ ಫಿಲ್ಟರ್ ಮೊದಲು ನೋಡಿ, ಫ್ಯೂಯಲ್ ಪ್ರೆಶರ್ ಆಮೇಲೆ ಅಳೆಸಿ. ಎರಡೂ ಸರಿಯಿದ್ದು ಎಳೆತ ದಿನೇದಿನೇ ಇಳಿಯುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿರಬಹುದು.

## ಪ್ಲಗ್, ಕಾಯಿಲ್ ಎಲ್ಲ ಹೊಸದು, ಆದರೂ ಐಡಲ್‌ನಲ್ಲಿ ಮಿಸ್ಸಿಂಗ್

ಐಡಲ್‌ನಲ್ಲಿ ಮಿಸ್ ಆಗಿ ಆಕ್ಸಿಲರೇಟರ್ ಕೊಟ್ಟರೆ ಸರಿಹೋಗುತ್ತದೆಯೇ? ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರಬಹುದು. ಗಾಳಿ ಹೆಚ್ಚು, ಇಂಧನ ಕಡಿಮೆ ಎನ್ನುವ ಪಿ0171 ಕೋಡ್ ಜೊತೆಗಿದ್ದರೆ ಅನುಮಾನ ಇನ್ನೂ ಬಲ. ಬ್ರೇಕ್ ಬೂಸ್ಟರ್ ಪೈಪ್, ಇಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಒಯ್ಯುವ ಪಿಸಿವಿ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್ ಹತ್ತಿರ ಕಿವಿಗೊಟ್ಟರೆ 'ಸ್ಸ್' ಎಂಬ ಸದ್ದು ಕೇಳುತ್ತದೆ. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿಯಿದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವ ಇಕ್ಕಟ್ಟಿನ ಪಿಕಪ್‌ನಲ್ಲಿ ಅದು ಬೆಂಕಿಗೆ ಆಹ್ವಾನ. ನೀರಿನ ಮಂಜು ಸಾಕು, ಸೋರುವ ಜಾಗಕ್ಕೆ ತಾಗಿದಾಗ ಐಡಲ್ ಬದಲಾಗುತ್ತದೆ. ಸ್ವಲ್ಪ ಹೊಗೆಯನ್ನು ಮತ್ತೆ ಇನ್‌ಟೇಕಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಇದೇ ಲಕ್ಷಣ.

ಗಾಳಿ ಸೋರಿಕೆ ಇಲ್ಲವೆಂದಾದರೆ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಗ್ಯಾಸ್ ಗಾಡಿಯಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ಪೆಟ್ರೋಲಿನಂತೆ ಸಿಎನ್‌ಜಿ ವಾಲ್ವನ್ನು ತಂಪಾಗಿಸುವುದಿಲ್ಲ, ಒಣ ಇಂಧನ. ವರ್ಷಗಟ್ಟಲೆ ಓಡಿದ ಮೇಲೆ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲಕ್ಕೆ ಏರುತ್ತದೆ, ಟಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕಡಿಮೆಯಾಗುತ್ತಾ ಬಂದು ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟಪೆಟ್ ಸದ್ದು ಬರುತ್ತಿಲ್ಲ, ಇಂಜಿನ್ ನಯವಾಗಿದೆ ಎಂದುಕೊಂಡಾಗಲೇ ಒಳಗೆ ಈ ಸವೆತ ನಡೆದಿರುತ್ತದೆ. ಹೊಂದಿಸಬಲ್ಲ ಟಪೆಟ್ ಇರುವ ಇಂಜಿನ್ ಆದರೆ ಗ್ಯಾಪ್ ಅಳೆಸಿ ಹೊಂದಿಸುವುದರಿಂದಲೇ ಎಷ್ಟೋ ಗಾಡಿ ಉಳಿಯುತ್ತವೆ.

ಟೆಸ್ಟ್ ಮಾಡುವಾಗ ಗ್ಯಾಸ್ ಕೈ ವಾಲ್ವ್ ಮುಚ್ಚಿ, ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರುಗಳನ್ನು ಕಳಚಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸುವಾಗ ಒಂದು ಎಚ್ಚರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ. 13 ಬಾರ್ ಇರಬೇಕಾದಲ್ಲಿ ನಾಲ್ಕೂ ಸಿಲಿಂಡರಿನಲ್ಲಿ ಹನ್ನೊಂದೂವರೆಯ ಆಸುಪಾಸು ಬಂದರೆ ಇಂಜಿನ್ ಹೋಯಿತು ಎಂದು ಹೆದರಿಸುವವರನ್ನು ನಂಬಬೇಡಿ. ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ದೋಷವಿದೆ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಇಲ್ಲಿಗೆ ಮನೆಯಂಗಳದ ಕೆಲಸ ಮುಗಿಯಿತು. ಹೆಡ್ ಇಳಿಸುವುದು, ಟೈಮಿಂಗ್ ಚೈನ್ ನೋಡುವುದು ಪಳಗಿದ ಕೈಗೇ ಬಿಡಬೇಕು.

## ಡೀಸೆಲ್ ಪಿಕಪ್ ಆದರೆ

ಪ್ಲಗ್, ಕಾಯಿಲ್ ಇಲ್ಲಿಲ್ಲ. ಮೊದಲು ಡೀಸೆಲ್ ಫಿಲ್ಟರ್ ತಳದ ನೀರು ಬಿಡಿ, ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಿ. ಫಿಲ್ಟರ್ ಬದಲಿಸಿದ ಮೇಲೆಯೇ ಮಿಸ್ಸಿಂಗ್ ಶುರುವಾದರೆ ಲೈನ್ ಏರ್ ಹಿಡಿದಿದೆ, ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆಯಿರಿ. ಬೆಳಿಗ್ಗೆ ಮಾತ್ರ ಬಿಳಿ ಹೊಗೆ, ನಡುಕ ಇದ್ದು ಬಿಸಿಯಾದ ಮೇಲೆ ನಿಂತರೆ, ತಣ್ಣಗಿನ ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್ ನೋಡಿಸಿ. ಕಪ್ಪು ಹೊಗೆ ಜೊತೆ ಬಡಿತದ ಸದ್ದಿದ್ದರೆ ಇಂಜೆಕ್ಟರ್.

ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸಿಲಿಂಡರ್ ಹುಡುಕುವ ಪದ್ಧತಿ ಇತ್ತು. ಕಾಮನ್ ರೈಲ್ (ಒಂದೇ ಹೈ ಪ್ರೆಶರ್ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ) ಗಾಡಿಯಲ್ಲಿ ಅದನ್ನು ಎಂದೂ ಮಾಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಸೂಜಿಯಷ್ಟು ಸಣ್ಣ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳೇ ಹೋಗಬಹುದು.

## ಗ್ಯಾರೇಜಿನಲ್ಲಿ ಏನು ಹೇಳಬೇಕು

"ಅಣ್ಣಾ, ಗಾಡಿ ಮಿಸ್ಸಿಂಗ್ ಹೊಡೀತಿದೆ, ನೋಡಿ" ಅಂದರೆ ಹುಡುಕಾಟ ಮೊದಲಿಂದ ಶುರುವಾಗುತ್ತದೆ, ಆ ಸಮಯದ ಕೂಲಿ ನಿಮ್ಮದು. ಬದಲಿಗೆ, "ಎರಡನೇ ಸಿಲಿಂಡರ್, ಗ್ಯಾಸ್–ಪೆಟ್ರೋಲ್ ಎರಡರಲ್ಲೂ ಮಿಸ್ಸು, ಬಿಸಿಯಾದ ಮೇಲೆ ಜಾಸ್ತಿ. ಕಾಯಿಲ್, ಪ್ಲಗ್ ಅದಲು ಬದಲು ಮಾಡಿ ನೋಡಿದೀನಿ, ಅಲ್ಲೇ ಇದೆ. ಕಂಪ್ರೆಷನ್ ನೋಡ್ತೀರಾ?" ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಬಂದರೆ ಖುಷಿಯೇ. ಕಂಪ್ರೆಷನ್ ಅಂಕಿ ನಾಲ್ಕನ್ನೂ ಬಿಲ್ ಹಿಂದೆ ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಪಾರ್ಟ್ಸ್ ಕೇಳಿ ಪಡೆಯಿರಿ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಒಂದೆರಡು ದಿನ ಲೋಡ್ ಸಮೇತ ಎರಡೂ ಇಂಧನದಲ್ಲಿ ಓಡಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಲೈಟ್ ಉರಿಯದಿದ್ದರೂ ಪೆಂಡಿಂಗ್ ಕೋಡ್ ಪಟ್ಟಿಯಲ್ಲಿ ಅದೇ ಸಿಲಿಂಡರಿನ ನಂಬರ್ ಕಂಡರೆ ಕೆಲಸ ಇನ್ನೂ ಬಾಕಿಯಿದೆ. ಬಿಲ್ ಹಿಡಿದು ಅದೇ ವಾರ ವಾಪಸ್ ಹೋಗಿ.